ಮುಂಬೈಯಲ್ಲಿ ಮನೆ ಹಿಡಿಯುವ ಮುಂಚೆ ಗಾಳಿ ಅಳೆಯಿರಿ

ಮಳೆಗಾಲದಲ್ಲಿ ಮನೆ ನೋಡಿ ಮುಂಗಡ ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಕಡಲಗಾಳಿಯೂ ಸೇರಿ ದೂಳನ್ನು ತೊಳೆದುಬಿಡುವುದರಿಂದ ಗೋವಂಡಿಯಂಥ ಗಾಳಿ ಕೆಟ್ಟ ಬಡಾವಣೆಯೂ ಚೊಕ್ಕಟವಾಗಿಯೇ ಕಾಣುತ್ತದೆ. ನಿಜಬಣ್ಣ ಬಯಲಾಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ರಾತ್ರಿಯ ತಂಪು ಗಾಳಿ ಮೇಲೇಳದೆ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಡುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್ ತೋರಿಸುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಒಂದು ಮಾಪನ ಕೇಂದ್ರದ 24 ಗಂಟೆಯ ಲೆಕ್ಕ, ನಿಮ್ಮ ಗಲ್ಲಿಯದಲ್ಲ. ಯಾರಿಂದಲಾದರೂ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ದೂಳಿನ ಕಣಗಳನ್ನು ಅಳೆಯುವ ಮೀಟರ್ ಎರವಲು ತನ್ನಿ. ಬೆಳಿಗ್ಗೆ 7ರಿಂದ 9ರೊಳಗೆ ಒಮ್ಮೆ, ರಾತ್ರಿ 9ರ ಮೇಲೆ ಒಮ್ಮೆ, ಬಾಲ್ಕನಿಯಲ್ಲಿ ಹತ್ತತ್ತು ನಿಮಿಷ ಇಟ್ಟು ಬರೆದುಕೊಳ್ಳಿ. ಮೂರು ದಿನವಾದರೂ ಮಾಡಿ. ಪಕ್ಕದ ಮನೆಯ ಒಗ್ಗರಣೆ, ಅಗರಬತ್ತಿ ಅಂಕಿಯನ್ನು ಜಿಗಿಸುತ್ತವೆ, ಅವನ್ನು ಬಿಡಿ. ತೇವಾಂಶ ಶೇ 80 ದಾಟಿದರೆ ಅಗ್ಗದ ಮೀಟರ್ ನೀರಹನಿಯನ್ನೂ ದೂಳೆಂದೇ ಎಣಿಸುತ್ತದೆ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15.

ಇನ್ನು ಕಟ್ಟಡ. ಹೆದ್ದಾರಿಯಿಂದ ಇನ್ನೂರು ಮೀಟರ್ ದೂರ ಸರಿದರೂ ವಾಹನದ ಹೊಗೆ ಎದ್ದುಕಾಣುವಷ್ಟು ಇಳಿಯುತ್ತದೆ. ಇಕ್ಕಟ್ಟಾದ ರಸ್ತೆಯ ಎರಡೂ ಬದಿ ಇಪ್ಪತ್ತು ಮಹಡಿಯ ಗೋಪುರಗಳಿದ್ದರೆ ಅಡ್ಡ ಬೀಸುವ ಗಾಳಿ ಮೇಲಿಂದಲೇ ದಾಟಿಹೋಗಿ ಹೊಗೆ ಕೆಳಗೇ ಸುತ್ತುತ್ತದೆ, ಕೆಳಮಹಡಿಯವರಿಗೆ ಹೆಚ್ಚು. ಮೂರನೇ ಮಹಡಿ ಎಂದು ಸಮಾಧಾನಪಡುವ ಮುಂಚೆ ಕಿಟಕಿಯಾಚೆ ಫ್ಲೈಓವರ್ ಇದೆಯೇ ನೋಡಿ. ಅಕ್ಕಪಕ್ಕದ ಹಳೆಯ ಸೊಸೈಟಿಗಳು ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆಯೇ ಎಂದು ವಾಚ್‌ಮನ್‌ನನ್ನೇ ಕೇಳಿ, ಬ್ರೋಕರ್ ಹೇಳುವುದಿಲ್ಲ. 2023ರ ಪಾಲಿಕೆ ನಿಯಮದಂತೆ ಒಂದು ಎಕರೆ ಮೀರಿದ ಕಾಮಗಾರಿಗೆ 35 ಅಡಿ ತಗಡಿನ ಬೇಲಿ, ಚಿಕ್ಕದಕ್ಕೆ 25 ಅಡಿ. ಬೇಲಿ ಗಿಡ್ಡವಿದ್ದರೆ ದೂಳು ನಿಮ್ಮ ಮನೆಗೇ.

ಕೊನೆಗೆ ಪ್ರಯಾಣ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಪ್ರತಿ ಜಾಗದ ಪಿಎಂ 2.5 ಅಂಕಿಯನ್ನು ಅಲ್ಲಿ ಕಳೆಯುವ ಗಂಟೆಗಳಿಂದ ಗುಣಿಸಿ, ಕೂಡಿಸಿ, 24ರಿಂದ ಭಾಗಿಸಿ. ಆಫೀಸಿನ 8 ಗಂಟೆಗೆ 30, ರಸ್ತೆಗೆ 120 ಎಂದು ಹಿಡಿಯೋಣ. ದೂರದ ಡೊಂಬಿವಲಿಯ ಒಳಗಲ್ಲಿ ಮನೆಗೆ (ಎಂಐಡಿಸಿ ಕೈಗಾರಿಕಾ ಪ್ರದೇಶದ ಬದಿಯಲ್ಲ) 40, ಬೈಕಿನಲ್ಲಿ 3 ಗಂಟೆ: ಸರಾಸರಿ 47. ಅಂಧೇರಿ ಹೆದ್ದಾರಿ ಬದಿಯ ಮನೆಗೆ 60, ಪ್ರಯಾಣ ಒಂದೇ ಗಂಟೆ: 52ರ ಮೇಲೆ. ಆಫೀಸು ಹತ್ತಿರವಾಯಿತು, ಗಾಳಿ ಕೆಟ್ಟಿತು. ಅದೇ ಅಂಧೇರಿಯಲ್ಲಿ ಅಂಕಿ 40 ಇರುವ ಒಳಗಲ್ಲಿಯ ಮನೆ ಸಿಕ್ಕರೆ ಸರಾಸರಿ 40ಕ್ಕೆ ಇಳಿಯುತ್ತದೆ; ಬಾಡಿಗೆ ಎರಡು ಸಾವಿರ ಹೆಚ್ಚಾದರೂ ಚೌಕಾಸಿ ಮಾಡಬೇಕಾದದ್ದು ಆ ಮನೆಗೆ.