ಹೊಟ್ಟೆನೋವು: ಮೊದಲು ಬೆರಳಿಟ್ಟು ತೋರಿಸಿ, ಆಮೇಲೆ ಕಷಾಯ

ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ಕುಳಿತರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: ‘ಏನು ತಿಂದೆ?’ ಉತ್ತರ ಬರುವ ಹೊತ್ತಿಗೆ ಒಲೆಯ ಮೇಲೆ ಓಮದ ನೀರು ಕುದಿಯುತ್ತಿರುತ್ತದೆ. ಅಜೀರ್ಣಕ್ಕೆ ಅದು ಸರಿಯೇ. ಆದರೆ ಮೂತ್ರಪಿಂಡ, ಗರ್ಭಕೋಶಗಳಿಗೆ ನಿನ್ನೆಯ ಬಜ್ಜಿಯ ಹಂಗೇ ಇಲ್ಲದೆ ನೋಯುವುದು ಗೊತ್ತು. ಹಾಗಾಗಿ ವಿಚಾರಣೆಯ ಕ್ರಮ ಬದಲಾಗಬೇಕು.

ಮೊದಲು ಜಾಗ. ‘ಒಂದೇ ಬೆರಳಿನಲ್ಲಿ ತೋರಿಸು’ ಎನ್ನಿ. ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸಿದರೆ ಕರುಳಿನ ಸೆಳೆತ, ಗ್ಯಾಸ್, ಭೇದಿಯಂಥ ತೊಂದರೆ ಇರುವುದೇ ಹೆಚ್ಚು. ಕರಿದದ್ದನ್ನು ತಿಂದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ಶುರುವಾಗಿ ಬಲ ಹೆಗಲಿನ ಹಿಂಭಾಗಕ್ಕೆ ಹರಿದರೆ ಪಿತ್ತಕೋಶದ ಹರಳನ್ನು ಶಂಕಿಸಬಹುದು. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿದರೆ ಮೂತ್ರಪಿಂಡದ ಹರಳು. ಮೇಲ್ಹೊಟ್ಟೆಯ ನಡುವಿನ ಉರಿ ಸಾಮಾನ್ಯವಾಗಿ ಅಸಿಡಿಟಿ ಅಥವಾ ಹುಣ್ಣು.

ಈ ನಡುಭಾಗವೇ ಜನರನ್ನು ಹೆಚ್ಚು ಏಮಾರಿಸುವುದು. ಹೃದಯಾಘಾತವೂ ಕೆಲವೊಮ್ಮೆ ಇಲ್ಲಿಯೇ ‘ಗ್ಯಾಸ್’ ವೇಷದಲ್ಲಿ ಬರುತ್ತದೆ. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಮಹಿಳೆಯರಲ್ಲಿ ಎದೆನೋವು ಇಲ್ಲದೆಯೂ ಹೀಗಾಗಬಹುದು. ಬೆವರು, ಏದುಸಿರು ಜೊತೆಗಿದ್ದರೆ ಸೋಡಾ ಕುಡಿಸುತ್ತಾ ಕೂರಬೇಡಿ, ಇಸಿಜಿ ಮಾಡಿಸಿ.

ನಂತರ, ನೋವು ಜಾಗ ಬದಲಿಸಿದೆಯೇ ಎಂದು ಕೇಳಿ. ಅಪೆಂಡಿಕ್ಸ್ ಬಾತುಕೊಂಡಾಗ ನೋವು ಹುಟ್ಟುವುದು ಹೊಕ್ಕುಳಿನ ಸುತ್ತ, ಮಂದವಾಗಿ. ಆರಂಭದಲ್ಲಿ ಅದರ ಸುದ್ದಿಯನ್ನು ಒಯ್ಯುವ ನರಗಳು ಹೊಕ್ಕುಳಿನ ಭಾಗದ ನರಗಳೊಂದಿಗೇ ಬೆನ್ನುಹುರಿಯನ್ನು ಸೇರುವುದರಿಂದ ಮೆದುಳಿಗೆ ಜಾಗ ತಿಳಿಯುವುದಿಲ್ಲ. ಊಟ ಸೇರುವುದಿಲ್ಲ, ಒಂದೆರಡು ವಾಂತಿಯಾಗಬಹುದು. ಉರಿಯೂತ ಹೊಟ್ಟೆಯ ಒಳಪೊರೆಯನ್ನು ತಾಕಿದ ಮೇಲೆ, ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ, ನೋವು ಬಲ ಕೆಳಹೊಟ್ಟೆಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ. ಎಲ್ಲರಲ್ಲೂ ಹೀಗೇ ಆಗುವುದಿಲ್ಲ, ಆದರೆ ಆದಾಗ ಅಲಕ್ಷಿಸಬಾರದು.

ಮೂರನೆಯದು ಕೇಳುವುದಲ್ಲ, ನೋಡುವುದು. ಮೂತ್ರಪಿಂಡದ ಹರಳಿನವರು ಕುಳಿತಲ್ಲಿ ಕೂರಲಾರರು. ಮಂಚದಿಂದ ಗೋಡೆಗೆ, ಗೋಡೆಯಿಂದ ಬಚ್ಚಲಿಗೆ ಅಲೆಯುತ್ತಾರೆ. ಹೊಟ್ಟೆಯ ಒಳಪೊರೆ ಕೆರಳಿದವರು ಮಂಡಿ ಮಡಚಿ ಅಲುಗಾಡದೆ ಮಲಗುತ್ತಾರೆ, ಕೆಮ್ಮಲೂ ಹೆದರುತ್ತಾರೆ. ಈ ಎರಡನೆಯವರ ಬಗ್ಗೆಯೇ ನನಗೆ ಹೆಚ್ಚು ಭಯ, ಏಕೆಂದರೆ ಸದ್ದಿಲ್ಲದವರನ್ನು ಮನೆಯವರು ‘ಕಡಿಮೆಯಾಗಿದೆ’ ಎಂದುಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಟೊ ರಸ್ತೆ ಉಬ್ಬನ್ನು ದಾಟುವಾಗ ನೋವು ಹೆಚ್ಚಿತೇ ಗಮನಿಸಿ. ಇಂಗ್ಲೆಂಡಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಬ್ಬು ದಾಟಿ ಬಂದಿದ್ದ 34 ಅಪೆಂಡಿಸೈಟಿಸ್ ರೋಗಿಗಳ ಪೈಕಿ 33 ಮಂದಿಗೆ ಹಾಗೆ ಆಗಿತ್ತು. ಬೇರೆ ಕಾಯಿಲೆಗಳಲ್ಲೂ ಹಾಗಾಗುವುದುಂಟು. ಆದರೂ ವೈದ್ಯರಿಗೆ ಹೇಳಿ.

ಇನ್ನು ಸಂಕೋಚದ ಪ್ರಶ್ನೆಗಳು. ಮುಟ್ಟು ತಡವಾದ ಮಹಿಳೆಗೆ ಕೆಳಹೊಟ್ಟೆ ನೋವು, ತಲೆಸುತ್ತು ಬಂದರೆ ಗರ್ಭಕೋಶದ ಹೊರಗೆ ಗರ್ಭ ನಿಂತಿರುವ ಸಾಧ್ಯತೆ ಇದೆ. ಒಳಗೊಳಗೇ ರಕ್ತಸ್ರಾವವಾಗಿ ಜೀವಕ್ಕೇ ಎರವಾಗಬಹುದು. ಹದಿಹರೆಯದ ಹುಡುಗರು ವೃಷಣದ ನೋವನ್ನು ನಾಚಿಕೆಯಿಂದ ‘ಹೊಟ್ಟೆನೋವು’ ಎನ್ನುವುದುಂಟು. ವೃಷಣ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಂದೆಯೋ ಅಣ್ಣನೋ ಪಕ್ಕಕ್ಕೆ ಕರೆದು ಕೇಳಲಿ.

ಕಾರಣ ಗೊತ್ತಾಗುವವರೆಗೆ ಹರಳೆಣ್ಣೆ ಕುಡಿಸಬೇಡಿ. ಹೊಕ್ಕುಳ ಜಾರಿದೆಯೆಂದು ಹೊಟ್ಟೆ ತಿಕ್ಕಿಸಲೂಬೇಡಿ. ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಜಠರದ ಹುಣ್ಣನ್ನು ಕೆರಳಿಸುತ್ತವೆ.

ಹೊಟ್ಟೆ ಹಲಗೆಯಂತೆ ಬಿಗಿದರೆ, ಉಬ್ಬರದೊಂದಿಗೆ ಮಲವೂ ವಾಯುವೂ ನಿಂತರೆ, ವಾಂತಿ ಹಸಿರಾದರೆ ಅಥವಾ ಅದರಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ನೋವು ಶುರುವಾದ ಹೊತ್ತು, ಕೊನೆಯ ಬಾರಿ ಊಟ ಮಾಡಿದ ಹೊತ್ತು, ನುಂಗಿದ ಮಾತ್ರೆಗಳ ಹೆಸರು, ಇಷ್ಟನ್ನು ಬರೆದಿಟ್ಟುಕೊಳ್ಳಿ. ‘ಏನು ತಿಂದೆ?’ ಎಂಬುದನ್ನು ವೈದ್ಯರೇ ಕೇಳುತ್ತಾರೆ.