ಮಂಗಳೂರಿನ ಸೆಕೆಯಲ್ಲಿ ಅಗ್ಗದ ಏರ್‌ಬ್ರಷ್

ನಾನು ಜೋಡಿಸುವುದು 1/72 ಅಳತೆಯ ಪ್ಲಾಸ್ಟಿಕ್ ವಿಮಾನಗಳನ್ನು. ಮಾಮೂಲಿ ಬ್ರಷ್ಷಿನಲ್ಲಿ ಎಷ್ಟೇ ನಾಜೂಕಾಗಿ ಬಳಿದರೂ ರೆಕ್ಕೆ ಮೇಲೆ ಗೆರೆ ಉಳಿಯುತ್ತಿತ್ತು. ಹಾಗಾಗಿ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್, ಅಂದರೆ ಏರ್‌ಬ್ರಷ್ ತಗೊಂಡೆ, ಅಗ್ಗದ್ದೇ. ಡಬಲ್ ಆ್ಯಕ್ಷನ್ (ಗಾಳಿ, ಬಣ್ಣ ಎರಡನ್ನೂ ಒಂದೇ ಟ್ರಿಗರ್‌ನಲ್ಲಿ ಬೇರೆ ಬೇರೆ ಹಿಡಿತದಲ್ಲಿಡುವಂಥದ್ದು), ಮೇಲೆ ಬಣ್ಣದ ಕಪ್, 0.3 ಮಿ.ಮೀ. ನಾಜಲ್, ಅಂದರೆ ಬಣ್ಣ ಹೊರಬರುವ ತೂತಿನ ತುದಿ. 0.2 ನಾಜಲ್ ಸಣ್ಣ ಗೆರೆಗೆ ಚೆಂದ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಹೊಸಬರಿಗೆ ಸುಮ್ನೆ ತಲೆನೋವು.

ಉಳಿದ ದುಡ್ಡನ್ನೆಲ್ಲ ಗನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್‌ಗೆ ಸುರಿದೆ. ಕರಾವಳಿಯಲ್ಲಿರುವವರು ಹೀಗೇ ಮಾಡಬೇಕು ಅನ್ನುವುದು ನನ್ನ ವಾದ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಮುಂದೆ ಪೈಪಿನಲ್ಲಿ ತಣಿಯುವಾಗ ಅದರ ತೇವ ನೀರಾಗುತ್ತದೆ. ನಮ್ಮೂರ ಗಾಳಿಯಲ್ಲಿ ತೇವಕ್ಕೇನು ಬರವಾ? ಒಂದು ಹನಿ ಗನ್ನಿನಿಂದ ಹಾರಿ ಬಿದ್ದರೆ ಬಣ್ಣದ ಮೇಲೆ ಕಲೆ ಗ್ಯಾರಂಟಿ. ಟ್ಯಾಂಕ್ ಇದ್ದರೆ ಗಾಳಿ ಅಲ್ಲೇ ತಣಿದು ಹೆಚ್ಚಿನ ನೀರು ಅಡಿಯಲ್ಲಿ ನಿಲ್ಲುತ್ತದೆ. ಮಿಕ್ಕಿದ್ದನ್ನು ಮಾಯಿಶ್ಚರ್ ಟ್ರ್ಯಾಪ್, ಅಂದರೆ ಗಾಳಿಯಿಂದ ನೀರು ಸೋಸುವ ಭಾಗ ಹಿಡಿಯುತ್ತದೆ. ಜುಲೈಯಲ್ಲಿ ಕೆಲಸ ಮುಗಿಸಿ ಟ್ಯಾಂಕಿನ ಅಡಿಯ ತಿರುಪು ಸಡಿಲಿಸಿದರೆ ನೀರು ಚಿರ್ರನೆ ಚಿಮ್ಮುತ್ತದೆ, ನೋಡಬೇಕು ನೀವು! ಮಳೆ ಹಿಡಿದ ದಿನ ಲ್ಯಾಕರ್ ಬಣ್ಣ (ಘಾಟಿನ ಥಿನ್ನರ್‌ನಲ್ಲಿ ಕಲಸುವ, ಬೇಗ ಒಣಗುವ ಬಣ್ಣ) ಮಾತ್ರ ಮುಟ್ಟುವುದಿಲ್ಲ, ಬೆಳ್ಳಗೆ ಮಸುಕಾಗಿಬಿಡುತ್ತದೆ.

ಕೈ ಪಳಗಿಸಿದ್ದು ಹಳೆ ಪೇಪರ್ ಮತ್ತು ಪ್ಲಾಸ್ಟಿಕ್ ಚಮಚಗಳ ಮೇಲೆ. ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದೆ ಎಳೆದರೆ ಬಣ್ಣ. ಶುರು ಮಾಡುವಾಗ ಗಾಳಿ ಮೊದಲು, ನಿಲ್ಲಿಸುವಾಗ ಬಣ್ಣ ಮೊದಲು. ಇದು ಬೆರಳಿಗೆ ಅಭ್ಯಾಸವಾಗಬೇಕು, ಇಲ್ಲದಿದ್ದರೆ ತುದಿಯಲ್ಲಿ ನಿಂತ ಬಣ್ಣ ಮುಂದಿನ ಸಲ ಚುಕ್ಕೆ ಚುಕ್ಕೆಯಾಗಿ ಸಿಡಿಯುತ್ತದೆ. ಬಣ್ಣದ ಹದ ನೀರುದೋಸೆ ಹಿಟ್ಟಿನಷ್ಟು ತೆಳು. ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಜಾಸ್ತಿ ಮಾಡಿದರೆ ಬಣ್ಣ ತಲುಪುವ ಮೊದಲೇ ಒಣಗಿ ಮೇಲ್ಮೈ ತರಿತರಿ.

ಅಕ್ರಿಲಿಕ್ ಬಣ್ಣ ಆದರೆ, ನಾಜಲ್ ಒಳಗಿಂದ ಚಾಚುವ ಸೂಜಿಯ ತುದಿಯಲ್ಲಿ ಒಣಗುತ್ತದೆ. ಥಿನ್ನರ್ (ಬಣ್ಣ ತೆಳುಗೊಳಿಸುವ ದ್ರವ) ಅದ್ದಿದ ಹತ್ತಿಕಡ್ಡಿಯಲ್ಲಿ ಆಗಾಗ ಒರೆಸುತ್ತಿರಬೇಕು. ಫ್ಯಾನ್ ಗಾಳಿಗೆ ಇನ್ನೂ ಬೇಗ ಒಣಗುತ್ತದೆ ಅಂತ ನಾನು ಅದನ್ನು ಆಫ್ ಮಾಡಿಯೇ ಕೂರುತ್ತೇನೆ. ಮೇ ತಿಂಗಳಲ್ಲಿ, ಮುಖಕ್ಕೆ ರೆಸ್ಪಿರೇಟರ್ ಬೇರೆ ಕಟ್ಟಿಕೊಂಡು, ಅದೊಂದು ಶಿಕ್ಷೆಯೇ ಅಲ್ವಾ?

ತೊಳೆಯುವಾಗ ಇಡೀ ಗನ್ನನ್ನು ಲ್ಯಾಕರ್ ಥಿನ್ನರ್‌ನಲ್ಲಿ ನೆನೆಹಾಕಬೇಡಿ, ಅಗ್ಗದ ಗನ್ನಿನ ರಬ್ಬರ್ ರಿಂಗ್ ಊದಿಕೊಳ್ಳಬಹುದು. ನಾಜಲ್ಲಿನ ತಿರುಪಿನ ಸುತ್ತು ತೀರಾ ಸಣ್ಣದು, ಮತ್ತೆ ಕೂರಿಸುವಾಗ ಬಿಗಿ ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಿ. ಬಣ್ಣ ಒಂದು ಬದಿಗೇ ಹಾರುತ್ತಿದ್ದರೆ ಸೂಜಿ ತೆಗೆದು, ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ತಿರುಗಿಸುತ್ತಾ ಎಳೆದು ನೋಡಿ. ಗೀರಿದ ಹಾಗೆ ತಗುಲಿದರೆ ಬಾಗಿದೆ ಅಂತಲೇ ಲೆಕ್ಕ. ಇದಕ್ಕೇ ನಾನು ಬಿಡಿ ಸೂಜಿ, ಬಿಡಿ ನಾಜಲ್ ಸಿಗುವ ಮಾದರಿ ಆರಿಸಿದ್ದು.