ಮಾರ್ಕ್ಸ್ ಕಡಿಮೆ ಇದ್ದರೂ ಅಮೆರಿಕದಲ್ಲಿ ನರ್ಸಿಂಗ್ ಓದಬಹುದು

ಊರಲ್ಲಿ ಡಿಗ್ರಿ ಮುಗಿಸಿ ಅಮೆರಿಕಕ್ಕೆ ಬಂದ ಎಷ್ಟೋ ಜನರಿಗೆ ನರ್ಸಿಂಗ್ ಓದುವ ಆಸೆ ಇರುತ್ತದೆ. ಹಳೆಯ ಅಂಕಪಟ್ಟಿ ತೆಗೆದು ನೋಡಿ, '52 ಪರ್ಸೆಂಟ್, ಮೇಲೆ ಎರಡು ಬ್ಯಾಕ್‌ಲಾಗ್, ನಮಗೆಲ್ಲಿ ಸೀಟು' ಅಂತ ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಅಷ್ಟಕ್ಕೇ ಕೈಬಿಡಬೇಡಿ.

ಇಲ್ಲಿ ಸಾಮಾನ್ಯವಾಗಿ 60ಕ್ಕಿಂತ ಕಡಿಮೆ ಬಂದರೆ ಫೇಲ್. ನಮ್ಮಲ್ಲಿ 60 ಅಂದರೆ ಫಸ್ಟ್ ಕ್ಲಾಸ್. ಬೇರೆ ದೇಶದ ಅಂಕಪಟ್ಟಿಗಳನ್ನು ಪರಿಶೀಲಿಸಿ ವರದಿ ಕೊಡುವ ಡಬ್ಲ್ಯೂಇಎಸ್, ಇಸಿಇಯಂಥ ಸಂಸ್ಥೆಗಳಿಗೆ ಇದು ಗೊತ್ತು. ಅವರು ನಮ್ಮ ಅಂಕಗಳನ್ನು ಇಲ್ಲಿನ ಗ್ರೇಡಿಗೆ ಬದಲಿಸಿದಾಗ, ನೀವು ಹೆದರಿದ್ದಕ್ಕಿಂತ ಒಳ್ಳೆಯ ಜಿಪಿಎ (ಗ್ರೇಡುಗಳ ಸರಾಸರಿ) ಬರಬಹುದು. ಕಾಲೇಜು ಯಾವ ಸಂಸ್ಥೆಯ ವರದಿ ಒಪ್ಪುತ್ತದೆ ಅಂತ ಮೊದಲು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಅದಕ್ಕಿಂತ ಮುಖ್ಯವಾದದ್ದು ನೀವು ಇಲ್ಲಿ ಹೊಸದಾಗಿ ತೆಗೆಯುವ ಅಂಕ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಎಡಿಎನ್ (ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ) ಸೇರುವ ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಂಗ್ಲಿಷ್‌ನಂಥ ವಿಷಯಗಳನ್ನು ಪಾಸ್ ಮಾಡಿರಬೇಕು. ಅನೇಕ ಕಾಲೇಜುಗಳು ವಿಜ್ಞಾನ ವಿಷಯಗಳ ಜಿಪಿಎಯನ್ನು ಬೇರೆಯಾಗಿಯೇ ನೋಡುತ್ತವೆ. ಹಾಗಾಗಿ ಒಂದು ಸೆಮಿಸ್ಟರಿಗೆ ಒಂದೋ ಎರಡೋ ವಿಷಯ ತಗೊಳ್ಳಿ, ಎ ಗ್ರೇಡೇ ತೆಗೆಯಿರಿ. ಅನಾಟಮಿ ಲ್ಯಾಬ್ ಪರೀಕ್ಷೆಗೆ ಜಾಸ್ತಿ ತಯಾರಿ ಬೇಕು. ಮೂಳೆಗೋ ಸ್ನಾಯುವಿಗೋ ಪಿನ್ ಚುಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ನಿಂತು ಸ್ವಲ್ಪ ಹೊತ್ತಿನಲ್ಲೇ ಹೆಸರು ಬರೆಯಬೇಕು, ಸ್ಪೆಲಿಂಗ್ ತಪ್ಪಿದರೂ ಅಂಕ ಹೋಗಬಹುದು. ಪುಸ್ತಕ ಓದಿದರೆ ಸಾಲದು, ಲ್ಯಾಬ್ ತೆರೆದಿರುವಾಗ ಹೋಗಿ ಮಾದರಿಗಳನ್ನು ಕೈಯಲ್ಲಿ ಹಿಡಿದು ಕಲಿಯಿರಿ. ವಿಷಯ ಕೈಮೀರುತ್ತಿದೆ ಅನ್ನಿಸಿದರೆ ಕೊನೆಯ ದಿನಾಂಕದೊಳಗೆ ಕೈಬಿಡಿ. ಅಂಕಪಟ್ಟಿಯಲ್ಲಿ ಡಬ್ಲ್ಯೂ (ವಿಷಯ ಕೈಬಿಟ್ಟ ಗುರುತು) ಇರುವುದು ಎಫ್‌ಗಿಂತ (ಫೇಲ್) ಎಷ್ಟೋ ವಾಸಿ. ಒಂದೇ ವಿಷಯವನ್ನು ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿ ಇರುತ್ತದೆ.

ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಟೀಸ್ ಅಥವಾ ಹೆಸಿ. ಟೀಸ್‌ನಲ್ಲಿ ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಸೇರಿ 170 ಪ್ರಶ್ನೆ. ಜಿಪಿಎ ಸ್ವಲ್ಪ ಕಡಿಮೆ ಇದ್ದವರನ್ನು ಇದು ಮೇಲೆತ್ತಬಲ್ಲದು.

ಆದರೂ ಸೀಟು ಸಿಗದಿದ್ದರೆ ಸುಮಾರು ಒಂದು ವರ್ಷದ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಓದಿ, ಅಲ್ಲಿಂದ ಆರ್‌ಎನ್‌ಗೆ (ರಿಜಿಸ್ಟರ್ಡ್ ನರ್ಸ್) ಹೋಗುವ ದಾರಿ ಇದೆ. ಎಡಿಎನ್ ಓದಿದವರೂ ನಾಲ್ಕು ವರ್ಷದ ಬಿಎಸ್‌ಎನ್ (ನರ್ಸಿಂಗ್‌ನ ಬ್ಯಾಚುಲರ್ ಡಿಗ್ರಿ) ಓದಿದವರೂ ಲೈಸೆನ್ಸಿಗಾಗಿ ಬರೆಯುವುದು ಒಂದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ. ಎಡಿಎನ್ ಅಂದರೆ ಕಡಿಮೆ ಅಂತ ಅಂದುಕೊಳ್ಳಬೇಡಿ.

'ಮಾರ್ಕ್ಸ್ ಕೇಳಲ್ಲ, ದುಡ್ಡು ಕಟ್ಟಿ ಸಾಕು' ಅನ್ನುವ ಕಡೆ ಮಾತ್ರ ಹೋಗಲೇಬೇಡಿ. ಫ್ಲೋರಿಡಾದಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಿದ ಪ್ರಕರಣ 2023ರಲ್ಲಿ ಬಯಲಾಯಿತು. ರಾಜ್ಯದ ನರ್ಸಿಂಗ್ ಬೋರ್ಡಿನ ಮಾನ್ಯತೆ ಇದೆಯಾ, ಅಲ್ಲಿ ಓದಿದವರು ಎನ್‌ಕ್ಲೆಕ್ಸ್‌ನಲ್ಲಿ ಎಷ್ಟು ಜನ ಪಾಸಾಗಿದ್ದಾರೆ ಅಂತ ನೋಡಿ.

ಎಚ್1ಬಿಯಂಥ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ಎಚ್4 ವೀಸಾದಲ್ಲಿ ಓದಲು ಅಡ್ಡಿ ಇಲ್ಲ. ಕೆಲಸಕ್ಕೆ ಮಾತ್ರ ಬೇರೆ ಅನುಮತಿ ಬೇಕು, ಅದು ಸಿಗುತ್ತದಾ ಎಂಬುದನ್ನು ಫೀಸ್ ಕಟ್ಟುವ ಮೊದಲೇ ವಕೀಲರ ಹತ್ತಿರ ಕೇಳಿಕೊಳ್ಳಿ.